ಬುಧವಾರವೇ ಹೇಳಿದ್ದರಂತೆ

ಹೂಡಿ
ಭಾನುವಾರ, ೮–೧೧–೧೯೮೭

ತಮ್ಮ ಆಂಜಿನಪ್ಪನಿಗೆ ಅಕ್ಕ ಬೈರಮ್ಮ ಬರೆಯುವುದು,

ಹೇಗಿದ್ದೀಯ? ಪುಣೆಯಲ್ಲಿ ಆಗಲೇ ಚಳಿ ಹಿಡಿದಿದೆ ಎಂದು ಬರೆದಿದ್ದೆ. ನಾನು ಕಟ್ಟಿಕೊಟ್ಟ ಸ್ವೆಟರ್ ಹಾಕಿಕೊಳ್ಳುತ್ತಿದ್ದೀಯೋ, ಟ್ರಂಕಿನ ತಳದಲ್ಲೇ ಮಲಗಿದೆಯೋ? ಚಳಿಗಾಳಿ ತಾಗಿದರೆ ನಿನಗೆ ಕಿವಿ ನೋವು ಬರುತ್ತದೆ, ಹತ್ತಿ ಇಟ್ಟುಕೊ. ಫ್ಯಾಕ್ಟರಿಯವರು ಟ್ರೈನಿಂಗಿಗೆ ಕಳಿಸಿದ ಆ ಹಾಸ್ಟೆಲಿನಲ್ಲಿ ಮೂರು ಹೊತ್ತೂ ಚಪಾತಿಯೇ ಅಂದಿದ್ದೆಯಲ್ಲ, ಹೊಟ್ಟೆ ಕಟ್ಟಿಕೊಂಡರೆ ಬಿಸಿನೀರು ಕುಡಿ. ನಾನು ಚೆನ್ನಾಗಿದ್ದೇನೆ. ದಿನಕ್ಕೆ ಎರಡು ಮುದ್ದೆ ನುಂಗುವಷ್ಟು ಚೆನ್ನಾಗಿದ್ದೇನೆ. ಆಸ್ಪತ್ರೆಗೆ ಸೇರಿದಾಗ ಮೂವತ್ತಾರು ಕೇಜಿ ಇದ್ದವಳು ಈಗ ನಲವತ್ತೆಂಟಕ್ಕೆ ಬಂದಿದ್ದೇನೆ, ರವಿಕೆಗಳನ್ನೆಲ್ಲ ಮತ್ತೆ ಬಿಚ್ಚಿ ಹೊಲಿಸಬೇಕಾಯಿತು. ಇಷ್ಟು ಕೇಳದೆ, ಇಷ್ಟು ಹೇಳದೆ ಕಾಗದ ಶುರು ಮಾಡಲು ಕೈ ಒಪ್ಪಲಿಲ್ಲ, ಅದಕ್ಕೆ ಬರೆದೆ. ಸಂತೋಷವಾಗಿದ್ದೇನೆ ಎಂದುಕೊಳ್ಳಬೇಡ.

ನಿನ್ನ ಕಾಗದ ಮಂಗಳವಾರ ಬಂತು. ಇಪ್ಪತ್ತೊಂಬತ್ತಕ್ಕೆ ಆನೇಕಲ್ಲಿನಲ್ಲಿ ಮದುವೆ, ಛತ್ರ ಗೊತ್ತಾಗಿದೆ, ನೀನು ನಾಲ್ಕು ದಿನ ಮುಂಚೆ ಬರುತ್ತೀಯ, ಎಲ್ಲ ಓದಿದೆ. ‘ಕಳಸ ಹಿಡಿದು ನನ್ನ ಪಕ್ಕ ನಿಲ್ಲೋಳು ನೀನೇ ಕಣಕ್ಕಾ, ನೀನಿಲ್ದೆ ನಾನು ಹಸೆ ಮೇಲೆ ಕೂರಲ್ಲ’ ಎಂದು ಬರೆದಿದ್ದೀಯ. ಗಂಡನನ್ನು ಬಿಟ್ಟು ಬಂದವಳ ಕೈಗೆ ಕಳಸ ಕೊಡುತ್ತಾರಾ ಎಂದು ನಿನ್ನ ಮಾವ ಲಕ್ಷ್ಮಣಪ್ಪನವರ ಕಡೆಯವರು ಗೊಣಗಿದ್ದಕ್ಕೆ ನೀನು ಅವರ ಮೇಲೆ ರೇಗಿದೆಯಂತೆ, ಅದೂ ಕಿವಿಗೆ ಬಿತ್ತು. ಮೂರು ವಾರದ ಹಿಂದೆ ಈ ಕಾಗದ ಬಂದಿದ್ದರೆ ಇಡೀ ಕೇರಿಗೆ ಓದಿ ಹೇಳಿಕೊಂಡು ಬರುತ್ತಿದ್ದೆ. ಮೊನ್ನೆ ಓದಿದಾಗ ಮೈಯೆಲ್ಲ ಉರಿಯಿತು. ಇದನ್ನು ರೂಮಿನವರ ಎದುರು ಬಿಚ್ಚಬೇಡ. ಒಬ್ಬನೇ ಕೂತು ಪೂರ್ತಿ ಓದು, ಅರ್ಧಕ್ಕೆ ಮಡಚಿ ಜೇಬಿಗೆ ಹಾಕಿಕೊಳ್ಳುವ ಚಾಳಿ ನಿನಗೆ ಚಿಕ್ಕಂದಿನಿಂದ ಇದೆ.

ಹಳೆಯದನ್ನು ಸ್ವಲ್ಪ ಹೇಳುತ್ತೇನೆ, ನಿನಗೆ ಮರೆತಂತಿದೆ. ಕೆರೆ ಕೆಳಗಿನ ನಮ್ಮ ರಾಗಿ ಹೊಲ ಫ್ಯಾಕ್ಟರಿಗೆ ಹೋದಾಗ ನಿನಗೆ ಹತ್ತು ವರ್ಷ. ಭೂಮಿ ಕೊಟ್ಟ ಮನೆಗೊಂದು ಕೆಲಸ ಅಂದರು. ನಾನು ಆಗ ತಾನೇ ಹೊಸಕೋಟೆಯ ಗಂಡನ ಮನೆಯಿಂದ ಚೀಲ ಹಿಡಿದುಕೊಂಡು ಬಸ್ಸಿಳಿದಿದ್ದೆ. ಗಂಡನ ಮನೆಯಲ್ಲಿ ಬಾಳಲಾರದವಳು ಫ್ಯಾಕ್ಟರಿಯಲ್ಲಿ ಬಾಳುತ್ತಾಳಾ ಎಂದು ಊರೆಲ್ಲ ನಕ್ಕರೂ ಅಪ್ಪ ಆ ಹಾಳೆಯ ಮೇಲೆ ನನ್ನ ಹೆಸರನ್ನೇ ಬರೆಸಿದರು. ಹದಿಮೂರು ವರ್ಷ ಬಾಳಿದೆ ನೋಡು. ಮೋಟಾರಿನ ಕಾಯಿಲ್ ಸುತ್ತುವ ವಿಭಾಗದಲ್ಲಿ ನನ್ನಷ್ಟು ಒತ್ತಾಗಿ ತಾಮ್ರದ ತಂತಿ ಸುತ್ತುವವರು ಇನ್ನೊಬ್ಬರಿರಲಿಲ್ಲ. ಅವ್ವ ಹೋದ ಮೇಲೆ ನಿನಗೆ ತಲೆ ಬಾಚಿ ಸ್ಕೂಲಿಗೆ ಕಳಿಸಿ ಆಮೇಲೆ ಫಸ್ಟ್ ಶಿಫ್ಟಿಗೆ ಓಡುತ್ತಿದ್ದೆ. ನಿನ್ನ ಡಿಪ್ಲೊಮಾ ಆಯಿತು, ಎರಡು ವರ್ಷ ಚಪ್ಪಲಿ ಸವೆಸಿದರೂ ಕೆಲಸ ಸಿಗಲಿಲ್ಲ. ಕೆಲಸವಿಲ್ಲದ ಹುಡುಗನಿಗೆ ಮಗಳನ್ನು ಕೊಡುವುದಿಲ್ಲ ಎಂದು ಲಕ್ಷ್ಮಣಪ್ಪ ಕಡ್ಡಿ ಮುರಿದಂತೆ ಹೇಳಿದ್ದರು. ನಮ್ಮ ಮನೆಗಿದ್ದದ್ದು ಆ ಒಂದೇ ಕೆಲಸ. ಅದನ್ನು ಮಾಡುವವರು ಸತ್ತರೆ, ಇಲ್ಲವೇ ಕಾಯಿಲೆಯಿಂದ ಕೈಲಾಗದೆ ಬರೆದುಕೊಟ್ಟರೆ ಮಾತ್ರ ಮನೆಯ ಇನ್ನೊಬ್ಬರಿಗೆ. ಇದು ನಿನಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ನನಗೆ ಮುದ್ದೆ ಇಳಿಯದಾಯಿತು. ಅನ್ನವಾದರೆ ಅಗಿದು ಹೇಗೋ ಕಳಿಸಬಹುದು, ಮುದ್ದೆಯನ್ನು ನಮ್ಮ ಕಡೆ ಯಾರು ಅಗಿಯುತ್ತಾರೆ? ಸಾರಿನಲ್ಲಿ ಅದ್ದಿ ನುಂಗುವುದೇ ಅದರ ರುಚಿ. ನಾನು ಕದ್ದು ಅಗಿಯಲು ಶುರು ಮಾಡಿದೆ. ‘ಏನಕ್ಕಾ, ಪಟ್ಟಣದೋರ ತರ ಮುದ್ದೆ ಅಗೀತಿದೀಯ’ ಎಂದು ನೀನು ನಕ್ಕಿದ್ದೆ. ಆಮೇಲೆ ಅಂಬಲಿಗೆ ಬಂದೆ, ಅದೂ ಎದೆಯ ನಡುವೆ ನಿಂತು ವಾಪಸ್ಸು ಬರುತ್ತಿತ್ತು. ಪಕ್ಕದ ಮನೆ ಪಿಳ್ಳಮ್ಮ ನೋಡಿ, ‘ಇದು ಮದ್ದು ಕಣೆ ಬೈರಿ. ಯಾರ ಕೈಯಾಗ್ ಉಣ್ತಾ ಇದೀಯ ಜ್ಞಾಪ್ಕ ಮಾಡ್ಕ’ ಅಂದಳು. ಊಟದಲ್ಲಿ ಮದ್ದು ಹಾಕಿದರೆ ಅದು ಒಳಗೇ ಕೂತು ಆಳನ್ನು ತಿನ್ನುತ್ತದೆ ಎಂದು ಅವ್ವನೂ ಹೇಳುತ್ತಿದ್ದಳು. ನಾನು ಹೊರಗೆ ಉಣ್ಣುತ್ತಿದ್ದದ್ದು ಒಬ್ಬಳ ಕೈಯಲ್ಲಿ. ನನ್ನ ಪಕ್ಕದ ಬೆಂಚಿನ ಮುನಿಯಕ್ಕ. ಒಂಬತ್ತು ವರ್ಷ ಅವಳ ಡಬ್ಬಿಯ ಹುರಳಿಕಾಳಿನ ಸಾರು ನನಗೆ, ನನ್ನ ಡಬ್ಬಿಯ ಉಪ್ಪಿನಕಾಯಿ ಅವಳಿಗೆ.

ಜಿಗಣಿ ಹತ್ತಿರ ಮದ್ದು ತೆಗೆಯುವ ಆವಲಪ್ಪನ ಬಳಿಗೆ ನೀನೇ ನನ್ನ ಕರೆದುಕೊಂಡು ಹೋದೆ. ಅವನು ಎಂಥದೋ ಸೊಪ್ಪಿನ ರಸ ಕುಡಿಸಿದ. ಕರುಳೇ ಕಿತ್ತು ಬರುವ ಹಾಗೆ ವಾಂತಿಯಾಗಿ ಅದರ ಜೊತೆ ಒಂದು ಮಾಂಸದ ತುಂಡು ಗಂಟಲು ದಾಟಿ ನಾಲಿಗೆಯ ಮೇಲೆ ಬಂದು ಮಲಗಿತು. ಉಸಿರು ಕಟ್ಟಿತು. ‘ಬಂತು ಬಂತು, ಮದ್ದು. ಬಟ್ಟೆ ತತ್ತಾ, ಇಡ್ಕಂಡು ಎಳೀಬೇಕು’ ಎಂದು ಅವನು ಕೈ ಹಾಕಿದ. ಅದು ಜಾರಿತು, ನಾನು ಕಣ್ಣು ಮೇಲೆ ಮಾಡಿ ಹೇಗೋ ಗುಟುಕರಿಸಿದೆ, ಒಳಗೆ ಹೋಯಿತು. ನನ್ನ ತಲೆ ಹಿಡಿದುಕೊಂಡಿದ್ದವನು ನೀನು, ನೀನೂ ನೋಡಿದೆ. ಅವನು ಎಳೆದಿದ್ದರೆ ಆ ಅಂಗಳದಲ್ಲೇ ರಕ್ತ ಕಾರಿ ಸಾಯುತ್ತಿದ್ದೆನಂತೆ, ನುಂಗದಿದ್ದರೆ ಉಸಿರು ಕಟ್ಟಿ ಸಾಯುತ್ತಿದ್ದೆನಂತೆ. ಆವತ್ತು ಅದೆಲ್ಲ ಯಾರಿಗೆ ಗೊತ್ತು? ಕಣ್ಣಾರೆ ಕಂಡ ಮೇಲೆ ಇನ್ನೇನು ಸಾಕ್ಷಿ ಬೇಕು ಎಂದುಕೊಂಡು ಮಾರನೆಯ ದಿನ ಊಟದ ಬೆಲ್ ಹೊಡೆದಾಗ, ಕ್ಯಾಂಟೀನಿನಲ್ಲಿ ನಲವತ್ತು ಹೆಂಗಸರ ಮುಂದೆ ಮುನಿಯಕ್ಕನ ಡಬ್ಬಿಯನ್ನು ನೆಲಕ್ಕೆ ಎಸೆದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಆವತ್ತಿನಿಂದ ಅವಳ ಕೈಯಿಂದ ಒಂದು ಹೋಳು ಈರುಳ್ಳಿಯನ್ನೂ ಯಾರೂ ಮುಟ್ಟಿಲ್ಲ, ಅವಳು ಬಾಗಿಲ ಪಕ್ಕದ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿಕೊಂಡು ಉಣ್ಣುತ್ತಾಳಂತೆ. ಈ ಪಾಪ ನನ್ನದು, ಇದನ್ನು ನಿನ್ನ ತಲೆಗೆ ಕಟ್ಟುವುದಿಲ್ಲ.

ಆಮೇಲೆ ನಾನು ಕೆಲಸದ ಬೆಂಚಿನ ಮೇಲೇ ತಲೆ ಸುತ್ತಿ ಬಿದ್ದದ್ದು, ಫ್ಯಾಕ್ಟರಿ ಡಾಕ್ಟರು ಸುಣ್ಣದಂಥ ನೀರು ಕುಡಿಸಿ ಎಕ್ಸ್‌ರೇ ತೆಗೆಸಿದ್ದು, ಅನ್ನನಾಳದ ಉದ್ದಕ್ಕೂ ಏನೋ ಇಳಿಬಿದ್ದಿದೆ ಎಂದು ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟದ್ದು ನಿನಗೆ ಗೊತ್ತೇ ಇದೆ. ಆ ಕಾಯಿಲೆಯ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳದಿದ್ದರೂ ಅರ್ಥವಾಯಿತು. ಜೂನ್ ನಾಲ್ಕನೇ ತಾರೀಕು ಕಪ್ಪು ಪೈಪಿನಂಥದ್ದನ್ನು ಬಾಯಿಂದ ಇಳಿಸಿ ನೋಡಿದರು, ಒಂದು ಚೂರು ಚಿವುಟಿ ಪರೀಕ್ಷೆಗೆ ಕಳಿಸಿದರು. ಹತ್ತನೇ ತಾರೀಕು ಬುಧವಾರ ಸಂಜೆ ನೀನು ಡಾಕ್ಟರಮ್ಮನನ್ನು ಕಂಡು ಬಂದು ನನ್ನ ಮಂಚದ ಪಕ್ಕ ಕೂತೆ. ನಿನ್ನ ಕಣ್ಣು ಕೆಂಪಾಗಿತ್ತು, ರೆಪ್ಪೆ ಇನ್ನೂ ಒದ್ದೆ. ‘ಏನೂ ಸರಿಯಾಗಿ ಹೇಳ್ತಿಲ್ಲ ಅಕ್ಕ. ಸೋಮವಾರ ಏನೋ ಮಾಡ್ತಾರಂತೆ. ಗ್ಯಾರಂಟಿ ಇಲ್ಲ ಅಂದ್ರು’ ಅಂದೆ. ನಾನು ಸೆರಗಿನಿಂದ ನಿನ್ನ ಕಣ್ಣೊರೆಸಿದೆ. ಆಮೇಲೆ ನೀನು ಮೆಲ್ಲಗೆ, ‘ನೀನು ಇರೋವಾಗ್ಲೇ ಬರ್ಕೊಟ್ರೆ ನಮ್ಮನೆ ಕೆಲ್ಸ ನಮ್ಮನೇಲೇ ಉಳ್ಯುತ್ತೆ, ನೀನು ಹೋದ್ಮೇಲೆ ನಾನು ಅಲೀಬೇಕಾಗುತ್ತೆ’ ಅಂದೆ. ನನಗೂ ನ್ಯಾಯವಾಗಿಯೇ ಕಂಡಿತು. ಶುಕ್ರವಾರ ನೀನು ಪರ್ಸನಲ್ ಆಫೀಸಿನ ಗುಮಾಸ್ತೆಯನ್ನು ಕರೆತಂದೆ, ಫ್ಯಾಕ್ಟರಿ ಡಾಕ್ಟರು ಆ ಎಕ್ಸ್‌ರೇ ನೋಡಿ ಅನ್‌ಫಿಟ್ ಎಂದು ಬರೆದಿದ್ದ ಕಾಗದವೂ ಇತ್ತು. ನಾನು ದಿಂಬಿಗೆ ಒರಗಿ ಸಹಿ ಹಾಕಿದೆ. ಹಾಕುವಾಗ ಸಮಾಧಾನವೇ ಆಯಿತು, ನಾನು ಹೋದರೂ ಹುಡುಗನಿಗೆ ದಾರಿಯಾಯಿತಲ್ಲ ಎಂದು.

ಸೋಮವಾರದ್ದು ನಿನಗೆ ಬಾಗಿಲ ಹೊರಗಿನಿಂದ ಮಾತ್ರ ಗೊತ್ತು. ಗಂಟಲಿಗೆ ಕಹಿ ಔಷಧಿ ಊದಿ ಮರಗಟ್ಟಿಸಿದರು, ಎಡಮಗ್ಗುಲಿಗೆ ಮಲಗಿಸಿ ಹಲ್ಲಿನ ನಡುವೆ ಒಂದು ಬಳೆಯಂಥದ್ದನ್ನು ಕಚ್ಚಿಸಿದರು. ಎದೆ ಸೀಳುತ್ತಾರೆ ಎಂದುಕೊಂಡು ಮನೆದೇವರನ್ನು ನೆನೆಯುತ್ತಿದ್ದರೆ ಸೀಳುವ ಮಾತೇ ಇಲ್ಲ. ಆ ಪೈಪಿನೊಳಗಿಂದ ಸಣ್ಣ ತಂತಿಯ ಕುಣಿಕೆ ಇಳಿಸಿದರು. ಗಂಟಲ ಕೆಳಗೆ ಆ ಗಡ್ಡೆ ಹುಟ್ಟಿದ ಕಡೆ ಒಂದು ತೊಟ್ಟು ಇತ್ತಂತೆ, ತೊಟ್ಟಿಗೆ ಕುಣಿಕೆ ಬಿಗಿದು ಕರೆಂಟು ಕೊಟ್ಟು ಸುಟ್ಟು ಕತ್ತರಿಸಿದರು. ತೊಟ್ಟಿನಲ್ಲಿ ರಕ್ತನಾಳವಿರುತ್ತದೆ, ಸುಡದೆ ಕತ್ತರಿಸಿದರೆ ನಿಲ್ಲುವುದಿಲ್ಲ ಎಂದು ಆಮೇಲೆ ಹೇಳಿದರು. ಅದಕ್ಕೇ ಆಪರೇಷನ್ ಮಾಡುವ ಇನ್ನೊಬ್ಬ ಡಾಕ್ಟರು ಗೋಡೆಗೆ ಒರಗಿ ಕಾಯುತ್ತಾ ನಿಂತಿದ್ದರು. ನನಗೆ ಸುಟ್ಟ ವಾಸನೆ ಬಂತು. ಹದಿಮೂರು ವರ್ಷ ಸುಟ್ಟ ಕಾಯಿಲ್ ಬಿಚ್ಚಿದವಳಿಗೆ ತಂತಿಯೂ ಹೊಸದಲ್ಲ, ಕರೆಂಟೂ ಹೊಸದಲ್ಲ, ಹೆದರಿಕೆ ಅರ್ಧ ಅಲ್ಲೇ ಇಳಿಯಿತು. ಬಾಯಿಯಿಂದ ಎಳೆದು ತೆಗೆದಾಗ ಅದು ಎಳೆ ಬದನೆಕಾಯಿಯಷ್ಟಿತ್ತು, ನುಣ್ಣಗೆ, ಬೆಳ್ಳಗೆ. ಕೊಬ್ಬು, ನಾರು, ಅಷ್ಟೇ. ತೀರ ಅಪರೂಪದ್ದು, ನನ್ನ ಇಷ್ಟು ವರ್ಷದ ಕೆಲಸದಲ್ಲಿ ಇದು ಎರಡನೆಯದು ಎಂದು ಡಾಕ್ಟರಮ್ಮ ಅದನ್ನು ಬಾಟಲಿಯಲ್ಲಿಟ್ಟು ಕಲಿಯುವ ಡಾಕ್ಟರುಗಳಿಗೆಲ್ಲ ಕರೆದು ತೋರಿಸಿದರು. ಕೆಟ್ಟ ಗಡ್ಡೆಯಲ್ಲ, ಮತ್ತೆ ಬರುವುದೂ ಕಡಿಮೆ ಅಂದರು. ತೆಗೆದು ನೋಡಿದ ಮೇಲೆ ಗೊತ್ತಾಯಿತು ಎಂದು ನಾನಂದುಕೊಂಡೆ. ನೀನು ನನ್ನ ಕಾಲು ಹಿಡಿದು ಅತ್ತೆ. ಬರೆದುಕೊಟ್ಟ ಕೆಲಸ ಹೋದರೆ ಹೋಗಲಿ, ಜೀವ ಬಂತಲ್ಲ ಎಂದು ನಿನಗೆ ನಾನೇ ಧೈರ್ಯ ಹೇಳಿದೆ. ಜುಲೈ ಒಂದಕ್ಕೆ ನೀನು ಸೇರಿದಾಗ ಹಾಜರಿ ಟೋಕನ್ನಿಗೆ ಕುಂಕುಮ ಇಟ್ಟು ಕಳಿಸಿದವಳೂ ನಾನೇ.

ದೀಪಾವಳಿ ಕಳೆದು ಆರು ದಿನಕ್ಕೆ, ಅಕ್ಟೋಬರ್ ಇಪ್ಪತ್ತೆಂಟಕ್ಕೆ, ಗಂಟಲು ತೋರಿಸಲು ಒಬ್ಬಳೇ ಹೋಗಿದ್ದೆ. ಡಾಕ್ಟರಮ್ಮ ಮತ್ತೆ ಪೈಪು ಇಳಿಸಿ ನೋಡಿ ತೊಟ್ಟಿದ್ದ ಜಾಗ ಮಾಗಿದೆ ಅಂದರು. ಖುಷಿಯಲ್ಲಿ ನಾನು, ಆ ಐದು ದಿನ ಸಾಯುತ್ತೇನೆ ಅಂತಲೇ ಇದ್ದೆ ತಾಯಿ, ನೀವು ಉಳಿಸಿದಿರಿ ಅಂದೆ. ಅವರು ಬರೆಯುತ್ತಿದ್ದದ್ದು ನಿಲ್ಲಿಸಿ ನನ್ನ ಮುಖ ನೋಡಿದರು. ‘ಯಾಕಮ್ಮಾ? ಬುಧವಾರವೇ ನಿಮ್ಮ ತಮ್ಮಂಗೆ ಹೇಳಿದ್ನಲ್ಲ, ಕ್ಯಾನ್ಸರ್ ಅಲ್ಲ, ಬಾಯಿಂದಾನೇ ತೆಗೀತೀವಿ, ಭಯ ಪಡೋಂಥದ್ದೇನಿಲ್ಲ ಅಂತ. ಕೈ ಮುಗಿದು ಅತ್ತೇಬಿಟ್ರು ಪಾಪ. ನಿಮಗೂ ಹೇಳಿ ಧೈರ್ಯ ತುಂಬಿ ಅಂದಿದ್ದೆ.’ ಕೇಸ್ ಶೀಟು ತಿರುಗಿಸಿ ಬೆರಳಿಟ್ಟು ತೋರಿಸಿದರು. ಇಂಗ್ಲಿಷ್ ನನಗೆ ಬರದಿದ್ದರೂ ತಾರೀಕು ಬರುತ್ತದೆ. ಹತ್ತು, ಆರು, ಎಂಬತ್ತೇಳು. ನಾನು ಸಹಿ ಹಾಕಿದ್ದು ಹನ್ನೆರಡಕ್ಕೆ.

ಆಂಜಿ, ಬಸ್ಸಿನಲ್ಲಿ ಕೂತು ಅದೇ ಯೋಚಿಸಿದೆ, ಹೂಡಿ ಬಂದದ್ದೇ ತಿಳಿಯಲಿಲ್ಲ. ನಾನು ಬದುಕುತ್ತೇನೆ ಎಂದು ಕೇಳಿ ನೀನು ಅತ್ತ ಅಳು ಅದು. ಅದೇ ಕಣ್ಣೀರು ಆರುವ ಮುಂಚೆ ನನ್ನ ಮಂಚಕ್ಕೆ ಬಂದು ನಾನು ಸಾಯುತ್ತೇನೆ ಎಂದು ನಂಬಿಸಿದೆ. ನಾನು ಅದನ್ನು ಒರೆಸಿದೆ. ಅಲ್ಲವೋ, ಮೆಟ್ಟಿಲು ಹತ್ತಿ ವಾರ್ಡಿಗೆ ಬರುವಷ್ಟರಲ್ಲಿ ನಿನಗೆ ಆ ಬುದ್ಧಿ ಬಂತೇ? ಗುರುವಾರ ನಾನು ನಿನ್ನ ಕೂರಿಸಿಕೊಂಡು ಹೇಳಿದ್ದೆಲ್ಲ ನೆನಪಿದೆಯಾ? ಅಪ್ಪನ ಪಕ್ಕದಲ್ಲೇ ಮಣ್ಣು ಮಾಡು, ಅವ್ವನ ಕೆಂಪಂಚಿನ ಸೀರೆ ಪಿಳ್ಳಮ್ಮನಿಗೆ, ಓಲೆ ನಿನ್ನ ಹೆಂಡತಿಗೆ, ತಿಥಿಗೆ ಸಾಲ ಮಾಡಬೇಡ. ನೀನು ಪುಸ್ತಕದಲ್ಲಿ ಬರೆದುಕೊಂಡೆ. ‘ಹೂಂ ಅಕ್ಕ, ಹೂಂ ಅಕ್ಕ’ ಎನ್ನುತ್ತಾ ಬರೆದುಕೊಂಡೆ. ನಾನು ಸಾಯುವುದಿಲ್ಲ ಎಂದು ಗೊತ್ತಿದ್ದೂ ನನ್ನ ಮಣ್ಣಿನ ಲೆಕ್ಕ ಬರೆದುಕೊಂಡ ಕೈ ನಿನ್ನದು. ಕೆಲಸ ಕೊಡಕ್ಕ, ಮದುವೆ ನಿಂತುಹೋಗುತ್ತದೆ ಎಂದು ಬಾಯಿಬಿಟ್ಟು ಕೇಳಿದ್ದರೆ ಏನಾಗುತ್ತಿತ್ತು? ಎರಡು ದಿನ ಕೂಗಾಡುತ್ತಿದ್ದೆ, ತಟ್ಟೆ ಎಸೆಯುತ್ತಿದ್ದೆ, ಮೂರನೇ ದಿನ ಕೊಡುತ್ತಿದ್ದೆನೋ ಏನೋ. ಕೇಳದೆ ತೆಗೆದುಕೊಂಡೆ, ಅದೂ ನನ್ನ ಸಾವನ್ನು ಮುಂದಿಟ್ಟು. ನಂಬಿಸಿ ಕತ್ತು ಕೊಯ್ಯುವುದು ಎಂದರೆ ಇದೇ ಅಲ್ಲವೇನೋ?

ಮಾರನೇ ದಿನ ಮುನಿಯಕ್ಕನ ಮನೆಗೆ ಹೋದೆ. ನೀನು ಮುಚ್ಚಿಟ್ಟದ್ದನ್ನು ಬೈಯುವ ಮುಂಚೆ ನಾನು ಮಾಡಿದ್ದಕ್ಕೆ ತಲೆ ಬಗ್ಗಿಸಬೇಕಿತ್ತು. ಇಷ್ಟು ತಿಂಗಳು ಮುಖವಿಲ್ಲದೆ ಹೋಗಿರಲಿಲ್ಲ. ಗಡ್ಡೆಯ ಕಥೆ ಹೇಳಿದೆ, ಮದ್ದಲ್ಲ ಅಂದೆ, ಕಾಲಿಗೆ ಬಿದ್ದೆ. ಅವಳು ಕೂತಲ್ಲಿಂದ ಏಳಲಿಲ್ಲ. ಆ ಶುಕ್ರವಾರವೇ ಅವಳು ಆಸ್ಪತ್ರೆಗೆ ಬಂದಿದ್ದಳಂತೆ, ಸಾಯುವವಳ ಮೇಲೆ ಕೋಪ ಯಾಕೆ ಎಂದು. ‘ಅಕ್ಕ ನಿನ್ನ ಮುಖ ನೋಡಲ್ಲ ಅಂದವ್ಳೆ’ ಎಂದು ನೀನು ಬಾಗಿಲಲ್ಲೇ ವಾಪಸ್ಸು ಕಳಿಸಿದೆಯಂತೆ. ನಾನು ಯಾವತ್ತು ಹಾಗಂದೆ? ಅವಳ ತಪ್ಪಿಲ್ಲ ಎಂದು ಆ ದಿನ ಇಡೀ ಆಸ್ಪತ್ರೆಯಲ್ಲಿ ಗೊತ್ತಿದ್ದ ನಮ್ಮವನು ನೀನೊಬ್ಬನೇ. ಅವಳು ಒಳಗೆ ಬಂದು ನರ್ಸುಗಳನ್ನು ಮಾತಾಡಿಸಿದರೆ ಗುಟ್ಟು ಹೊರಬೀಳುತ್ತದೆ ಎಂದು ತಡೆದೆ. ಕೊನೆಗೆ ಮುನಿಯಕ್ಕ ಅಂದದ್ದು ಇಷ್ಟು: ‘ನಿನ್ ಗಂಟ್ಲಾಗಿನ್ ಗಡ್ಡೆ ಡಾಕ್ಟ್ರು ತೆಗುದ್ರು. ನನ್ ಮ್ಯಾಲ್ ನೀನ್ ಒರ್ಸಿದ್ದನ್ನ ಯಾರವ್ವ ತೆಗೀತಾರೆ?’ ಏನಾದರೂ ತಿನ್ನಲು ಕೊಡು, ಇಲ್ಲೇ ತಿನ್ನುತ್ತೇನೆ ಅಂದೆ. ‘ಬ್ಯಾಡ. ನಾಳೆ ನಿಂಗೊಂದು ಕೆಮ್ಮು ಬಂದ್ರೂ ನನ್ ತಲೆ ಮ್ಯಾಕೇ ಬರ್ತದೆ’ ಎಂದು ಒಂದು ಲೋಟ ನೀರೂ ಕೊಡಲಿಲ್ಲ.

ಇದಕ್ಕೆ ದಾರಿ ಒಂದೇ. ಎಲ್ಲಿ ಅವಳ ಡಬ್ಬಿ ಎಸೆದೆನೋ ಅದೇ ಕ್ಯಾಂಟೀನಿನಲ್ಲಿ, ಅದೇ ನಲವತ್ತು ಜನರ ಮುಂದೆ, ಅವಳ ಡಬ್ಬಿಯಿಂದ ದಿನಾ ಉಣ್ಣಬೇಕು. ಒಂದು ದಿನ ಉಂಡರೆ ನಾಟಕ ಅನ್ನುತ್ತಾರೆ, ವರ್ಷಗಟ್ಟಲೆ ಉಣ್ಣಬೇಕು. ಮೊನ್ನೆ ಊಟದ ಹೊತ್ತಿಗೆ ಗೇಟಿಗೆ ಹೋದೆ. ‘ಪಾಸಿಲ್ದೆ ಬಿಡಕ್ಕಾಗಲ್ಲ ಅಕ್ಕ, ನೀವೀಗ ಹೊರಗಿನೋರು’ ಅಂದ ವಾಚ್‌ಮನ್, ಹದಿಮೂರು ವರ್ಷ ನನಗೆ ನಮಸ್ಕಾರ ಹೇಳಿದವನು. ತಪ್ಪನ್ನು ಸರಿಮಾಡಲು ಬೇಕಾದ ಜಾಗ ಗೇಟಿನ ಒಳಗಿದೆ, ನೀನು ನನ್ನನ್ನು ಹೊರಗೆ ಹಾಕಿದ್ದೀಯ.

ಕಳಸ ಹಿಡಿಯಲು ನಾನು ಬರುವುದಿಲ್ಲ. ನಿನ್ನ ಪಕ್ಕ ನಿಂತು ನಗುವುದು ಈಗ ನನ್ನಿಂದಾಗದು. ಲಕ್ಷ್ಮಣಪ್ಪನವರಿಗೂ ಅವರ ಮನೆಯವರಿಗೂ ನನ್ನ ನಮಸ್ಕಾರ ತಿಳಿಸು. ಆ ಹುಡುಗಿ ಭಾಗ್ಯ ಯಾವ ತಪ್ಪೂ ಮಾಡಿಲ್ಲ, ಅವಳು ನೂರು ಕಾಲ ತಣ್ಣಗಿರಲಿ. ನಿನಗೆ ಏನು ಹರಸಲಿ ಎಂದು ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದೆ. ಆರೋಗ್ಯವಾಗಿರು. ಅದಕ್ಕಿಂತ ಜಾಸ್ತಿ ಇವತ್ತು ಬರುತ್ತಿಲ್ಲ.

ನಿನ್ನ ಅಕ್ಕ
ಬೈರಮ್ಮ

ತಾ.ಕ.: ಸೋಮವಾರ ಬೆಳಿಗ್ಗೆ. ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಗುರುವಾರ ಆಫೀಸಿನ ಮಟ್ಟಿಗೆ ಮಾತ್ರ ಪಾಸು ಬರೆಸಿಕೊಂಡು ಪರ್ಸನಲ್ ಆಫೀಸರನ್ನು ಕಂಡೆ. ನಾನು ಕೆಲಸಕ್ಕೆ ತಕ್ಕವಳು ಎಂದು ಡಾಕ್ಟರಮ್ಮ ಬರೆದುಕೊಟ್ಟದ್ದನ್ನು ತೋರಿಸಿದೆ. ನಿನಗೆ ಕೆಲಸ ಖಾಯಂ ಆಗುವುದು ಡಿಸೆಂಬರ್ ಮೂವತ್ತೊಂದಕ್ಕೆ. ಅದರೊಳಗೆ ನೀನು ನಿನ್ನ ಕೈಯಾರೆ ಬಿಟ್ಟುಕೊಟ್ಟರೆ ಅದು ನನ್ನ ಹೆಸರಿಗೆ ವಾಪಸ್ಸು ಬರುತ್ತದಂತೆ, ಆಮೇಲೆ ಯಾರಿಂದಲೂ ಆಗದಂತೆ. ಬಿಟ್ಟರೆ ಲಕ್ಷ್ಮಣಪ್ಪ ಮದುವೆ ನಿಲ್ಲಿಸಬಹುದು, ಅದೂ ಗೊತ್ತು, ಗೊತ್ತಿದ್ದೇ ಕೇಳುತ್ತಿದ್ದೇನೆ. ಅವರಿಗೆ ನಾನಾಗಿ ಹೋಗಿ ಏನೂ ಹೇಳುವುದಿಲ್ಲ, ಫ್ಯಾಕ್ಟರಿಯಲ್ಲೂ ನಿನ್ನ ಮೇಲೆ ದೂರು ಕೊಟ್ಟಿಲ್ಲ. ಫಾರಂ ಇದರ ಜೊತೆ ಇಟ್ಟಿದ್ದೇನೆ. ಹೆಸರು, ವಿಭಾಗ, ಎಲ್ಲ ತುಂಬಿಸಿದ್ದೇನೆ. ‘ಬಿಡಲು ಕಾರಣ’ ಎಂಬ ಜಾಗದಲ್ಲಿ ಸ್ವಂತ ಕಾರಣ ಅಂತ ಹಾಕಿದರೆ ಸಾಕು ಎಂದು ಗುಮಾಸ್ತೆ ಪೆನ್ನು ತೆಗೆದ, ನಾನು ಬಿಡಲಿಲ್ಲ. ಅದು ಖಾಲಿ ಇದೆ. ಅದನ್ನು ನೀನು ಬರೆ. ಕನ್ನಡದಲ್ಲಿ ಬರೆ, ಆಫೀಸರಿಗಿಂತ ಮೊದಲು ನಾನು ಓದಬೇಕು.